ಮೂವತ್ತು ಸೆಕೆಂಡು

ನನಗೆ ಮಾತಿಗಿಂತ ಕೈ ಮುಂದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಬ್ಬಳ್ಳಿಯಲ್ಲಿ ಪಾಲಿಟೆಕ್ನಿಕ್ ಓದುವಾಗ ಒಬ್ಬನ ಹಲ್ಲು ಉದುರಿಸಿದ್ದೆ. ಅಹಮದಾಬಾದಿಗೆ ಬಂದು, ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕಂಪನಿ ಸೇರಿದ ಮೇಲೂ, ತಂತಿಯ ತುದಿ ತಪ್ಪಾಗಿ ಕೂರಿಸಿದ ಕೇಬಲ್ ಕೆಲಸದವನೊಬ್ಬನ ಕೆನ್ನೆಗೆ ಬಾರಿಸಿದ್ದೆ. ಅವನು ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ನಮ್ಮ ಬಾಸ್ ಪದ್ಮನಾಭ ಸರ್ ಮೈಸೂರಿನವರು, ಜನ್ಮದಲ್ಲಿ ದನಿ ಏರಿಸಿದವರಲ್ಲ. "ಲಿಂಗರಾಜ್, ಸ್ವಲ್ಪ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಸುಮ್ಮನಾದರು. ಕೆಲಸ ಬಲ್ಲವನಿಗೆ ಸಿಟ್ಟು ಇದ್ದೇ ಇರುತ್ತದೆ ಎಂದು ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಇದು ತೊಂಬತ್ತೆಂಟರ ವಿಜಯದಶಮಿಯ ಮಾತು. ವಡೋದರಾದಲ್ಲಿ ಒಂದು ಕೆಲಸ ಮುಗಿಸಿ ಅಲ್ಲೇ ಉಳಿದಿದ್ದವನು ಬೆಳಿಗ್ಗೆ ಆಲ್ಕಾಪುರಿಯ ರಮಾಮಣಿಯವರ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ರಮಾಮಣಿ ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಗಲ್ಲಾದಲ್ಲಿ ಒಬ್ಬರೇ ಕುಳಿತು ಹೋಟೆಲು ನಡೆಸುತ್ತಿದ್ದರು. ಒಬ್ಬನೇ ಮಗ, ಮಾಧವ. ದೋಸೆಕಲ್ಲಿನ ಮುಂದೆ ನಿಲ್ಲಲಾರೆ ಎಂದು ಹಟ ಹಿಡಿದು ಕಂಪ್ಯೂಟರ್ ಕಲಿತ. ಸೂರತ್ತಿನ ಉಧ್ನಾದಲ್ಲಿ ಸೀರೆಗೆ ಬಣ್ಣ ಹಾಕುವ ಮಿಲ್ಲೊಂದಿತ್ತು. ಅದರ ನೆಟ್‌ವರ್ಕ್ ಹಾಕಿದವನು ನಾನು. ಅಲ್ಲಿಯ ಕಂಪ್ಯೂಟರ್ ಕೆಲಸಕ್ಕೆ ಮಾಧವನನ್ನು ಸೇರಿಸಿದವನೂ ನಾನೇ. ಆ ಕಾರಣಕ್ಕೆ ರಮಾಮಣಿ ನನ್ನಿಂದ ತಿಂಡಿಯ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

"ನಿನ್ನೆ ಫೋನ್ ಮಾಡಿದ್ದ ಮಾರಾಯ್ರೆ," ಎಂದರು, ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕುತ್ತ. "ಆಫೀಸಿನ ಮಿಷನಿಗೆಲ್ಲ ಆಯುಧಪೂಜೆ ಮಾಡಿದನಂತೆ. ನಾನೇ ಹೇಳಿದ್ದು. ನಿನಗೆ ಅನ್ನ ಕೊಡುವ ಸಾಮಾನು ಅದು, ಚಂದ ಮಾಡಿ ಒರೆಸಿ ಒಂದು ಹೂವಾದ್ರೂ ಇಡು ಅಂತ."

"ಚಲೋ ಮಾಡ್ಯಾನ ಬಿಡ್ರಿ ಅಕ್ಕಾರ," ಎಂದೆ. ಗುಜರಾತಿನವರು ಕಂಪ್ಯೂಟರಿಗೆ ಪೂಜೆ ಮಾಡುವುದು ದೀಪಾವಳಿಗೆ. ನವಮಿಯ ದಿನ ಯಂತ್ರದ ಒಂದೊಂದು ಭಾಗ ಬಿಚ್ಚಿ, ತೊಳೆದು, ಒರೆಸಿ, ಕುಂಕುಮ ಹಚ್ಚುವ ಹುಚ್ಚು ನಮ್ಮವರದು. ನಮ್ಮಪ್ಪ ಸೈಕಲ್ಲಿನ ಚೈನನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದ.

ಅಷ್ಟರಲ್ಲಿ ಗಲ್ಲಾದ ಮೇಲಿನ ಫೋನು ಬಡಿದುಕೊಂಡಿತು. ಪದ್ಮನಾಭ ಸರ್. ಉಧ್ನಾದ ಮಿಲ್ಲು ಪೂರ್ತಿ ನಿಂತಿದೆ, ಬೆಳಿಗ್ಗೆ ಏಳರಿಂದ ಒಂದು ಕಂಪ್ಯೂಟರಿಗೂ ಸರ್ವರ್ ಸಿಗುತ್ತಿಲ್ಲ, ಕೂಡಲೇ ಹೊರಡಿ ಎಂದರು. "ಕೀರ್ತಿಭಾಯ್ ತುಂಬಾ ಕೋಪದಲ್ಲಿದ್ದಾರೆ. ನೀವು ಬಾಯಿ ಹಿಡಿತದಲ್ಲಿಟ್ಕೊಳ್ಳಿ."

ಸೂರತ್ತಿಗೆ ಹೊರಟೆ ಎಂದು ಗೊತ್ತಾಗಿ ರಮಾಮಣಿ ಒಳಗೆ ಓಡಿದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ಬೆಲ್ಲದ ಹಾಲುಬಾಯಿ ತುಂಬಿ ತಂದು, ಮುಚ್ಚಳ ಬಿಗಿದು, ಮೇಲೊಂದು ಬಟ್ಟೆ ಕಟ್ಟಿ ನನ್ನ ಬ್ಯಾಗಿಗೆ ಇಟ್ಟರು. "ಹಬ್ಬಕ್ಕೆ ಬರ್ಲಿಕ್ಕೆ ರಜೆ ಕೊಡ್ಲಿಲ್ಲ ಅವನಿಗೆ. ನೀವು ಎದುರು ಕೂತು ತಿನ್ನಿಸಿ ಬನ್ನಿ" ಎಂದರು.

ರೈಲಿನ ತುಂಬ ಗುಜರಾತಿನವರು ದಸರೆಗೆ ತಿನ್ನುವ ಫಾಫಡಾ ಜಲೇಬಿಯ ಪೊಟ್ಟಣಗಳ ವಾಸನೆ. ಉಧ್ನಾದಲ್ಲಿ ಇಳಿದರೆ ನಿಂತ ಲಾರಿ, ಟೆಂಪೋ, ಆಟೋ, ಎಲ್ಲದರ ಮೂತಿಗೂ ಚೆಂಡುಹೂವಿನ ಮಾಲೆ. ನಾನು ಮಿಲ್ಲಿನ ಗೇಟು ಹೊಕ್ಕಾಗ ಹನ್ನೊಂದು ಗಂಟೆ. ಬಣ್ಣದ ಯಂತ್ರಗಳು ತಣ್ಣಗೆ ನಿಂತಿದ್ದವು. ಕೆಲಸದವರು ಗೋಡೆಯ ಪಕ್ಕ ಕುಳಿತಿದ್ದರು. ಎಲ್ಲರೂ ಬಣ್ಣದ ಉಗ್ರಾಣದ ಕಡೆಗೇ ನೋಡುತ್ತಿದ್ದರು. ಅಲ್ಲಿಂದ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು ಬರುತ್ತಿತ್ತು.

ಕೀರ್ತಿಭಾಯ್ ಮಿಲ್ಲಿನ ಮಾಲೀಕರ ತಮ್ಮ. ಅಣ್ಣ ದುಡ್ಡಿನ ವ್ಯವಹಾರ ನೋಡಿದರೆ ತಮ್ಮ ಆಳುಗಳನ್ನು ನೋಡುತ್ತಿದ್ದ. ಅವನ ಕುರ್ಚಿಯ ಹಿಂದಿನ ಮೊಳೆಗೆ ಯಾವಾಗಲೂ ಒಂದು ಹಳೆಯ ಫ್ಯಾನ್ ಬೆಲ್ಟ್ ತೂಗುತ್ತಿತ್ತು. ಅದಕ್ಕೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದ. ಹಿಂದೆ ಬಂದಾಗ ನನಗೂ ತೋರಿಸಿ ನಗಿಸಿದ್ದ. ಹೌದು, ನಾನು ನಕ್ಕಿದ್ದೆ.

ಈಗ ಆ ಬೆಲ್ಟು ಅವನ ಕೈಯಲ್ಲಿತ್ತು. ಡ್ರಮ್ಮುಗಳ ನಡುವೆ ಮಾಧವ ಮಂಡಿಯೂರಿ ಕುಳಿತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ನೆಲದ ಮೇಲೆ ಚೆಲ್ಲಿದ್ದ ಗುಲಾಬಿ ಬಣ್ಣದ ಪುಡಿ ಮೈಗೆಲ್ಲ ಮೆತ್ತಿಕೊಂಡು, ಯಾವುದು ಬಣ್ಣ ಯಾವುದು ರಕ್ತ ಎಂದು ತಿಳಿಯುವಂತಿರಲಿಲ್ಲ. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು.

ನನ್ನ ಮೈ ಉರಿದುಹೋಯಿತು. ಬ್ಯಾಗನ್ನು ಅಲ್ಲೇ ಬಿಸಾಡಿ ನುಗ್ಗಿದೆ. ಇಬ್ಬರು ವಾಚ್‌ಮನ್‌ಗಳು ಹಿಂದಿನಿಂದ ತೋಳು ಹಿಡಿದು ಗೋಡೆಗೆ ಒತ್ತಿದರು. ಕೀರ್ತಿಭಾಯ್ ನಿಧಾನವಾಗಿ ಬಂದು ನನ್ನ ಹೆಗಲಿಗೆ ಒಂದು ಬಿಟ್ಟ. ಬೆಂಕಿ ಇಟ್ಟ ಹಾಗಾಯಿತು.

"ಎಂಜಿನಿಯರ್ ಸಾಬ್," ಎಂದ, ಗುಜರಾತಿ ಬೆರೆತ ಹಿಂದಿಯಲ್ಲಿ. "ನಿನ್ನೆ ವಾರಕ್ಕೊಂದು ದಿನದ ಕರೆಂಟಿನ ರಜೆ. ಮಿಲ್ಲಿನಲ್ಲಿ ಯಾರೂ ಇರಲಿಲ್ಲ. ಇವನೊಬ್ಬ ಒಳಗೆ ಬಂದು ಎರಡು ಗಂಟೆ ಇದ್ದ, ವಾಚ್‌ಮನ್ ನೋಡಿದ್ದಾನೆ. ಇವತ್ತು ಎಲ್ಲ ಸತ್ತಿದೆ. ಯಾವ ಬಣ್ಣ ಎಷ್ಟು ಗ್ರಾಂ ಎಂದು ಕಂಪ್ಯೂಟರ್ ಹೇಳಬೇಕು. ಅದು ಹೇಳದೆ ಕಲರ್ ಮಾಸ್ಟರ್ ನೆನಪಿನಿಂದ ಹಾಕಿದ. ಎಂಟು ನೂರು ಸೀರೆ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಪಕ್ಕದ ಮಿಲ್ಲಿನವರು ಇವನನ್ನು ಹೋದ ತಿಂಗಳು ಕೆಲಸಕ್ಕೆ ಕರೆದಿದ್ದರು, ಅದೂ ನನಗೆ ಗೊತ್ತು."

ಆಮೇಲೆ ಮಾಧವನ ಬಲಗೈಯನ್ನು ಬೆಲ್ಟಿನ ತುದಿಯಿಂದ ಮುಟ್ಟಿ ತೋರಿಸಿದ. "ನೀನು ಹೋಗಿ ನೋಡು. ಮಷೀನಿನ ತಪ್ಪಾದರೆ ಇವನು ಮನೆಗೆ ಹೋಗಲಿ. ಇವನ ಕೈಯ ತಪ್ಪಾದರೆ ಈ ಕೈ ಇನ್ನು ಮೇಲೆ ಯಾವ ಮಷೀನೂ ಮುಟ್ಟುವುದಿಲ್ಲ." ಮಾತು ಮುಗಿಸಿ, ನನಗೆ ಅರ್ಥವಾಗಲಿ ಎಂಬಂತೆ, ಅವನ ಬೆನ್ನಿಗೆ ಮತ್ತೆರಡು ಬಾರಿಸಿದ.

"ಲಿಂಗಣ್ಣ, ನಾನು ಎಂತದೂ ಹಾಳು ಮಾಡ್ಲಿಲ್ಲ," ಎಂದ ಮಾಧವ. "ದೇವರಾಣೆ."

"ಮುಂಜಾನೆನ ನನಗ ಒಂದು ಫೋನ್ ಯಾಕ ಮಾಡ್ಲಿಲ್ಲೋ, ತಮ್ಮಾ?"

ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. "ನೀವು ಹೊಡೀತೀರಿ ಅಂತ ಹೆದರಿಕೆ ಆಯ್ತು."

ಆಗಸ್ಟಿನಲ್ಲಿ ಬಂದಿದ್ದಾಗ ಅವನು ಸ್ವಿಚ್ಚಿನ, ಅಂದರೆ ಎಲ್ಲ ಕಂಪ್ಯೂಟರಿನ ತಂತಿಗಳೂ ಬಂದು ಸೇರುವ ಡಬ್ಬಿಯ, ತಂತಿಗಳನ್ನು ಮುಟ್ಟಿ ಮುಟ್ಟಿ "ಇದು ಎಲ್ಲಿಗೆ ಹೋಗ್ತದೆ, ಇದಕ್ಕೆ ಒಂದೊಂದು ಚೀಟಿ ಅಂಟಿಸುವನಾ" ಎಂದು ಕೇಳುತ್ತಿದ್ದ. ನನಗೆ ಅವಸರ. ತಂತಿಯ ತುದಿ ಕೂರಿಸಲು ಕೈಯಲ್ಲಿದ್ದ ಕ್ರಿಂಪಿಂಗ್ ಇಕ್ಕಳದಿಂದ ಅವನ ಬೆರಳಿನ ಗೆಣ್ಣಿಗೆ ಹೊಡೆದಿದ್ದೆ. ಜೋರಾಗೇ ಬಿದ್ದಿತ್ತು. ಎರಡು ದಿನ ಬೆರಳು ಊದಿಕೊಂಡಿತ್ತು ಎಂದು ಆಮೇಲೆ ಯಾರೋ ಹೇಳಿದರು.

ಬ್ಯಾಗು ಎತ್ತಿಕೊಂಡು ಹೊರಟೆ. ವಾಚ್‌ಮನ್ ಒಬ್ಬ ನನ್ನ ಹಿಂದೆಯೇ ಸರ್ವರ್ ಕೋಣೆಗೆ ಬಂದು ಬಾಗಿಲಲ್ಲಿ ನಿಂತ. ಸ್ವಿಚ್ಚನ್ನು ನೋಡಿದ ಕೂಡಲೇ ಅರ್ಧ ಗೊತ್ತಾಯಿತು. ಸರಿಯಾಗಿರುವ ಸ್ವಿಚ್ಚಿನಲ್ಲಿ ಒಂದೊಂದು ದೀಪ ಒಂದೊಂದು ಹೊತ್ತಿಗೆ ಮಿಣುಕುತ್ತದೆ. ಇಲ್ಲಿ ಎಲ್ಲ ದೀಪಗಳೂ ಒಟ್ಟಿಗೆ, ಉಸಿರು ಬಿಡದೆ, ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದವು. ಮೂಲೆಯಲ್ಲಿ ಒಂದು ಚೆಂಡುಹೂವು ಅಂಟಿಸಿತ್ತು, ಪಕ್ಕದಲ್ಲಿ ಗಂಧ, ಕುಂಕುಮ. ಸ್ವಿಚ್ಚಿನ ಡಬ್ಬಿಯ ಮೇಲೆ ಒಂದು ಚೂರು ಧೂಳಿರಲಿಲ್ಲ. ಹುಡುಗ ಶ್ರದ್ಧೆಯಿಂದ ಮಾಡಿದ್ದ.

ಆ ಮಿಲ್ಲಿನಲ್ಲಿ ಎರಡೇ ಸ್ವಿಚ್ಚು. ಒಂದು ಈ ಕೋಣೆಯಲ್ಲಿ, ಇನ್ನೊಂದು ಬಣ್ಣ ತೂಗುವ ಕೋಣೆಯಲ್ಲಿ. ನಡುವೆ ನಾನು ಎರಡು ತಂತಿ ಎಳೆದಿದ್ದೆ. ಎರಡು ಎಳೆ ಸೇರಿಸಿ ಒಂದು ಹಗ್ಗ ಹೊಸೆದ ಹಾಗೆ, ಎರಡನ್ನೂ ಒಂದೇ ದಾರಿ ಎಂದು ತಿಳಿಯುವಂತೆ ಎರಡೂ ಸ್ವಿಚ್ಚುಗಳಿಗೆ ಹೇಳಿಟ್ಟಿದ್ದೆ. ಇಪ್ಪತ್ಮೂರು, ಇಪ್ಪತ್ನಾಲ್ಕು, ತಂತಿ ಚುಚ್ಚುವ ಈ ಎರಡು ಪೋರ್ಟಿನಲ್ಲೇ ಅವು ಇರಬೇಕು. ಬೇರೆ ಕಡೆ ಚುಚ್ಚಿದರೆ ಒಂದಾಗಿದ್ದ ದಾರಿ ಎರಡಾಗುತ್ತದೆ. ಆಗ ಒಂದು ತಂತಿಯಲ್ಲಿ ಹೋದ ಸಂದೇಶ ಇನ್ನೊಂದರಲ್ಲಿ ವಾಪಸು ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಅದಕ್ಕೆ ಕೊನೆಯೇ ಇಲ್ಲ. ಕ್ಷಣದಲ್ಲಿ ಅದೊಂದೇ ಸಂದೇಶ ತಂತಿ ತುಂಬಿ, ಬೇರೆ ಯಾವುದಕ್ಕೂ ಜಾಗವಿಲ್ಲದೆ ಎಲ್ಲ ಉಸಿರುಕಟ್ಟುತ್ತದೆ.

ಲ್ಯಾಪ್‌ಟಾಪ್ ಜೋಡಿಸಿದೆ. ಸ್ವಿಚ್ಚು ನನ್ನ ಒಂದು ಅಕ್ಷರಕ್ಕೂ ಉತ್ತರ ಕೊಡಲಿಲ್ಲ. ಸರ್ವರಿನ ತಂತಿ ಕಿತ್ತೆ, ದೀಪಗಳ ಬಡಿತ ನಿಲ್ಲಲಿಲ್ಲ. ಒಂದನೇ ಪೋರ್ಟಿನಿಂದ ಒಂದೊಂದೇ ಕೀಳುತ್ತ ಹೋದೆ. ಉಗ್ರಾಣದಿಂದ ಮತ್ತೆ ಆ ಸದ್ದು ಕೇಳಿಸಿತು. ಎಂಟು, ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡನೆಯದು ಕಿತ್ತ ಕೂಡಲೇ ಎಲ್ಲ ದೀಪಗಳೂ ತಣ್ಣಗಾದವು.

ಹನ್ನೆರಡರಲ್ಲಿ ಏನೂ ಇರಬಾರದಿತ್ತು. ಚೆಂಡುಹೂವನ್ನು ಮೆಲ್ಲಗೆ ಎತ್ತಿ ನೋಡಿದೆ. ಕೆಳಗೆ ಇಪ್ಪತ್ನಾಲ್ಕನೆಯ ಪೋರ್ಟು ಖಾಲಿ.

ಬಣ್ಣ ತೂಗುವ ಕೋಣೆಗೆ ಓಡಿದೆ. ಅಲ್ಲಿಯೂ ಅದೇ ಮೂಲೆ, ಅದೇ ಹೂವು, ಅದರ ಕೆಳಗೆ ಅದೇ ಖಾಲಿ ಪೋರ್ಟು, ಹನ್ನೆರಡರಲ್ಲಿ ಅದರ ತಂತಿ. ಎಲ್ಲ ತಂತಿ ಬಿಚ್ಚಿ, ಒರೆಸಿ, ಹೂವಿಗೆ ಬಲಮೂಲೆ ಬಿಟ್ಟು, ಉಳಿದ ಒಂದು ತಂತಿಯನ್ನು ಖಾಲಿಯಿದ್ದ ಕಡೆ ಚುಚ್ಚಿದ್ದ. ದೇವರಿಗೆ ಜಾಗ ಮಾಡಿಕೊಟ್ಟಿದ್ದ. ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಕರೆಂಟು ಇಲ್ಲದ್ದರಿಂದ ನಿನ್ನೆ ಏನೂ ತಿಳಿಯಲಿಲ್ಲ, ಬೆಳಿಗ್ಗೆ ಎಲ್ಲ ಸತ್ತಿತು.

ಹಾಗಾದರೆ ಇದು ಅವನ ಕೈಯ ತಪ್ಪು.

ಆದರೆ ಅಷ್ಟಕ್ಕೇ ಸ್ವಿಚ್ಚು ಸಾಯಬಾರದು. ಯಾರಾದರೂ ಹೀಗೆ ತಂತಿ ತಪ್ಪಿಸಿ ಚುಚ್ಚಿಯಾರೆಂದೇ ಸ್ವಿಚ್ಚಿನೊಳಗೆ ಒಂದು ಕಾವಲು ಇಟ್ಟಿರುತ್ತಾರೆ, ಸ್ಪ್ಯಾನಿಂಗ್ ಟ್ರೀ ಎಂದು. ತಂತಿಗಳು ಸುತ್ತುಬಳಸಿ ಒಂದು ಬಳೆಯಂತಾದರೆ ಅದು ತಾನೇ ಕಂಡುಹಿಡಿದು ಒಂದು ದಾರಿ ಮುಚ್ಚುತ್ತದೆ. ಮಿಲ್ಲು ನಿಲ್ಲುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಅದು ಯಾಕೆ ಮುಚ್ಚಲಿಲ್ಲ? ಸರ್ವರ್ ಕೋಣೆಗೆ ವಾಪಸು ಬಂದು ಸ್ವಿಚ್ಚನ್ನು ಕೇಳಿದೆ. ಈಗ ಅದು ಉತ್ತರ ಕೊಡುತ್ತಿತ್ತು. ಸ್ಪ್ಯಾನಿಂಗ್ ಟ್ರೀ ಬಂದ್ ಎಂದು ಪರದೆಯ ಮೇಲೆ ಬಂತು.

ಬಂದ್ ಮಾಡಿದವನು ನಾನು.

ಆಗಸ್ಟ್ ಹದಿನಾಲ್ಕು, ಮಾಧವನ ಬೆರಳಿಗೆ ಹೊಡೆದ ದಿನವೇ. ಆ ಕಾವಲಿಗೆ ಒಂದು ಕೆಟ್ಟ ಗುಣವಿದೆ. ಯಾವ ಕಂಪ್ಯೂಟರ್ ಹೊತ್ತಿಸಿದರೂ ಸುತ್ತು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಮೂವತ್ತು ಸೆಕೆಂಡು ತಡೆದು ಆಮೇಲೆ ದಾರಿ ಬಿಡುತ್ತದೆ. ಅಷ್ಟರಲ್ಲಿ ಕಂಪ್ಯೂಟರಿಗೆ ಸಹನೆ ತೀರಿ ಸರ್ವರ್ ಇಲ್ಲ ಎನ್ನುತ್ತದೆ. ಬೆಳಿಗ್ಗೆ ಬೆಳಿಗ್ಗೆ ಗುಮಾಸ್ತರ ಗೊಣಗಾಟ, ಕೀರ್ತಿಭಾಯ್‌ನ ಫೋನು. ಕಂಪ್ಯೂಟರ್ ಇರುವ ಪೋರ್ಟುಗಳಿಗೆ ಮಾತ್ರ, ಒಂದೊಂದಕ್ಕೂ, ಕಾಯಬೇಡ ಎಂದು ಹೇಳಿದರೆ ಸರಿಹೋಗುತ್ತಿತ್ತು. ಅರ್ಧ ಗಂಟೆಯ ಕೆಲಸ. ನನಗೆ ವಡೋದರಾದ ರೈಲು ಹಿಡಿಯಬೇಕಿತ್ತು. ಒಂದೇ ಸಾಲು ಒತ್ತಿ ಕಾವಲನ್ನೇ ತೆಗೆದುಹಾಕಿ, ಎರಡೂ ಸ್ವಿಚ್ಚಿನಲ್ಲಿ, ಕೈ ಒರೆಸಿಕೊಂಡು ಹೊರಟಿದ್ದೆ. ಮೂವತ್ತು ಸೆಕೆಂಡಿನ ಗೋಳು ತಪ್ಪಿತೆಂದು ಕೀರ್ತಿಭಾಯ್ ನನಗೆ ಚಹಾ ಕುಡಿಸಿದ್ದ.

ಅಲ್ಲಿಂದಲೇ ಪದ್ಮನಾಭ ಸರ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ತಂತಿ ಕಿತ್ತದ್ದು ಅವರ ಮನುಷ್ಯ ತಾನೇ? ಅಷ್ಟು ಹೇಳಿ, ಸಾಕು. ಮಿಕ್ಕದ್ದು ನಮ್ಮಲ್ಲೇ ಇರಲಿ."

"ಸರ್, ಅವನ ಕೈ ಮುರಿತಾರ್ರೀ."

"ಅಯ್ಯೋ, ಹೆದರ್ಸೋಕೆ ಹಂಗಂತಾರೆ ಲಿಂಗರಾಜ್. ಆ ಗ್ರೂಪಿನ ಇನ್ನೂ ಮೂರು ಮಿಲ್ಲಿನ ಕೆಲಸ ನಮಗೆ ಬರೋದಿದೆ. ಸತ್ಯವನ್ನೇ ಹೇಳಿ ಅಂತಿದ್ದೀನಿ, ಸುಳ್ಳು ಹೇಳಿ ಅಂತಿಲ್ವಲ್ಲ." ಅದೇ ತಣ್ಣನೆಯ ದನಿ. ಆ ದನಿಯನ್ನು ನಾನು ಅಷ್ಟು ವರ್ಷ ಸಜ್ಜನಿಕೆ ಅಂದುಕೊಂಡಿದ್ದೆ.

ಫೋನಿಟ್ಟೆ. ಸುಳ್ಳೇ ಹೇಳುವುದೆಂದು ತೀರ್ಮಾನಿಸಿದೆ. ಕರೆಂಟು ಬರುವಾಗ ಜೋರಾಗಿ ಬಂತು, ಡಬ್ಬಿ ಬಿಸಿಯಾಗಿ ಸಿಕ್ಕಿಕೊಂಡಿತ್ತು ಎಂದರಾಯಿತು. ಮಾಧವನೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಎರಡೂ ಕಡೆ ಆ ತಂತಿಯ ತುದಿಯನ್ನು ಇಪ್ಪತ್ನಾಲ್ಕಕ್ಕೆ ಹಾಕಿದೆ, ಕಿತ್ತ ಉಳಿದ ತಂತಿಗಳನ್ನು ಮತ್ತೆ ಚುಚ್ಚಿದೆ, ಕಾವಲನ್ನು ಮತ್ತೆ ಹಚ್ಚಿದೆ, ಕಂಪ್ಯೂಟರ್ ಪೋರ್ಟುಗಳಿಗೆ ಮಾತ್ರ ಕಾಯಬೇಡ ಎಂದು ಬರೆದೆ. ಆಗಸ್ಟಿನಲ್ಲಿ ಬಿಟ್ಟ ಅರ್ಧ ಗಂಟೆಯ ಕೆಲಸ ಇಪ್ಪತ್ತೇ ನಿಮಿಷದಲ್ಲಿ ಮುಗಿಯಿತು. ಎರಡೂ ಹೂವುಗಳನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡೆ. ಆಚೆ ಯಾರೋ "ಚಾಲೂ!" ಎಂದು ಕೂಗಿದರು. ಬಣ್ಣದ ಯಂತ್ರಗಳು ಒಂದೊಂದಾಗಿ ಗುಡುಗತೊಡಗಿದವು.

ಉಗ್ರಾಣಕ್ಕೆ ಹೋಗಿ ನನ್ನ ಸುಳ್ಳು ಹೇಳಿದೆ. ಚೆನ್ನಾಗಿಯೇ ಹೇಳಿದೆ. ಕೀರ್ತಿಭಾಯ್ ಕೇಳಿಕೊಂಡು ಬೆಲ್ಟನ್ನು ಹೆಗಲಿಗೆ ಹಾಕಿದ. ಮಾಧವ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಆ ಕಣ್ಣಿಗೆ ಜೀವ ಬಂದಿತ್ತು.

"ಮುಷ್ಟಿ ಬಿಚ್ಚು," ಎಂದ ಕೀರ್ತಿಭಾಯ್.

ನಾನು ಬಿಚ್ಚಲಿಲ್ಲ. ವಾಚ್‌ಮನ್ ಬಿಚ್ಚಿಸಿದ. ನಜ್ಜುಗುಜ್ಜಾದ ಎರಡು ಚೆಂಡುಹೂವು, ಅಂಗೈ ತುಂಬ ಕುಂಕುಮ.

"ಬೆಳಿಗ್ಗೆ ಇದು ಡಬ್ಬಿಯ ಮೇಲಿತ್ತು, ನಾನೇ ನೋಡಿದ್ದೇನೆ. ಡಬ್ಬಿ ಬಿಸಿಯಾಗಿದ್ದರೆ ಹೂವು ಯಾಕೆ ಬಚ್ಚಿಟ್ಟೆ?"

ಮಾಧವನೇ ಬಾಯಿಬಿಟ್ಟ. ಪಾಪದವನು, ಹೂವು ಇಟ್ಟದ್ದು ತಪ್ಪಲ್ಲವೆಂದು ಅವನಿಗೆ ಅಷ್ಟು ಧೈರ್ಯ. "ಅದು ನಾನು ಇಟ್ಟದ್ದು ಸಾಬ್. ಪೂಜೆಗೆ. ಹೂವಿಗೆ ಜಾಗ ಬೇಕಲ್ಲ, ಒಂದು ವೈರ್ ತೆಗೆದು ಆಚೆ ಹಾಕಿದೆ, ಅಷ್ಟೇ," ಎಂದ ಹಿಂದಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅದರಿಂದ ಎಂತದೂ ಆಗುದಿಲ್ಲ ಅಲ್ವಾ, ಲಿಂಗಣ್ಣ?"

ಕೀರ್ತಿಭಾಯ್ ವಾಚ್‌ಮನ್‌ಗಳಿಗೆ ಕಣ್ಸನ್ನೆ ಮಾಡಿದ. ಅವರು ಮಾಧವನ ಬಲಗೈಯನ್ನು ಎಳೆದು ತಕ್ಕಡಿಯ ಕಬ್ಬಿಣದ ಹಲಗೆಯ ಮೇಲೆ ಬೆರಳು ಬಿಡಿಸಿ ಒತ್ತಿ ಹಿಡಿದರು. ಕೀರ್ತಿಭಾಯ್ ಪಕ್ಕದಲ್ಲಿದ್ದ ಐದು ಕಿಲೋದ ತೂಕದ ಕಲ್ಲನ್ನು ಎತ್ತಿಕೊಂಡ. ಎತ್ತಿಕೊಂಡವನು ಕೂಡಲೇ ಹೊಡೆಯಲಿಲ್ಲ, ಅದನ್ನು ನಾನು ಒಪ್ಪಲೇಬೇಕು. ನನ್ನ ಮುಖ ನೋಡಿ ಕಾದ.

"ಬೋಲ್. ಇವನು ವೈರ್ ಬದಲಿಸಿದ್ದಕ್ಕೇ ನಿಂತದ್ದೋ, ಬೇರೆ ಕಾರಣ ಇದೆಯೋ?"

ಬೇರೆ ಕಾರಣ ಇತ್ತು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕಾವಲು ತೆಗೆದವನು ನಾನು ಎಂದರೆ ಸಾಕು. ಗೋಡೆಯ ಮೇಲೆ ಒಂದು ಗಡಿಯಾರ, ಅದರ ಸೆಕೆಂಡಿನ ಕೆಂಪು ಮುಳ್ಳು ಹನ್ನೆರಡರ ಹತ್ತಿರ ಇತ್ತು. ನಾನು ಕಲ್ಲು ನೋಡಿದೆ. ಬೆಲ್ಟು ನೋಡಿದೆ. ಇನ್ನೂ ಮೂರು ಮಿಲ್ಲು ಎಂದ ಪದ್ಮನಾಭ ಸರ್ ನೆನಪಾದರು. ಆ ಹಲಗೆಯ ಮೇಲೆ ನನ್ನ ಕೈ ಇದ್ದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಹೇಳಲು ಒಂದು ಮೆತ್ತನೆಯ ರೀತಿ ಇದೆಯೇ ಎಂದು ಹುಡುಕಿದೆ. ಮಾಧವ "ಲಿಂಗಣ್ಣ, ಹೇಳಿ" ಎಂದ. ಊರಿಗೆಲ್ಲ ಕೈ ಎತ್ತಿದ ಲಿಂಗರಾಜನಿಗೆ ಬಾಯಿ ತೆರೆಯಲು ಆಗಲಿಲ್ಲ. ನಾನು ಹೆದರಿದ್ದೆ. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಕೆಂಪು ಮುಳ್ಳು ಆರನ್ನು ದಾಟಿತು.

"ಸಮಝ್ ಗಯಾ," ಎಂದು ಕೀರ್ತಿಭಾಯ್ ಕಲ್ಲನ್ನು ಆ ಕೈಯ ಮೇಲೆ ಇಳಿಸಿದ.

"ನಾನು ಮಾಡಿದ್ದು" ಎಂದು ನಾನು ಕೂಗಿದ್ದು ಹೌದು. ಆದರೆ ಅದು ಎಲುಬು ಮುರಿದ ಸದ್ದಿನ ನಂತರ. ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು, ಆ ಯಂತ್ರಗಳ ಗದ್ದಲದಲ್ಲೂ. ಮಾಧವ ಕಿರುಚಲಿಲ್ಲ, ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ.

"ನಾನು ಮಾಡಿದ್ದು! ಕಾವಲು ತೆಗೆದವನು ನಾನು! ಅವನು ಹತ್ತು ಸಲ ವೈರ್ ಬದಲಿಸಿದ್ದರೂ ಏನೂ ಆಗುತ್ತಿರಲಿಲ್ಲ!"

"ಅದನ್ನು ಆಗಲೇ ಹೇಳಬೇಕಿತ್ತು," ಎಂದ ಕೀರ್ತಿಭಾಯ್. ಆಶ್ಚರ್ಯದಿಂದ ಎಂಬಂತೆ ಹೇಳಿದ. ಆಮೇಲೆ ಬೆಲ್ಟು ನನ್ನ ಮುಖದ ಮೇಲೆ ಬಿತ್ತು. ತುಟಿ ಸೀಳಿತು. ಎರಡನೆಯ ಏಟಿಗೆ ಬೆಲ್ಟಿನ ತುದಿ ನನ್ನ ಕೈಗೆ ಸಿಕ್ಕಿತು. ಎಳೆದೆ, ಅವನು ಮುಗ್ಗರಿಸಿದ. ಆಮೇಲಿನದು ನನಗೆ ಚೂರು ಚೂರಾಗಿ ನೆನಪಿದೆ. ಬೆಲ್ಟಿನಿಂದ ಹೊಡೆದೆ, ಮುಷ್ಟಿಯಿಂದ ಹೊಡೆದೆ, ಅವನು ಬಿದ್ದ ಮೇಲೆ ಕಾಲಿನಿಂದ ಒದ್ದೆ. ಅವನ ಮೂಗು ನನ್ನ ಗೆಣ್ಣಿನ ಕೆಳಗೆ ಕುಸಿದದ್ದು ಗೊತ್ತಾಯಿತು. ಆ ತೂಕದ ಕಲ್ಲು ಯಾವಾಗ ನನ್ನ ಕೈಗೆ ಬಂತೋ ತಿಳಿಯದು, ಅದನ್ನು ಅವನ ತಲೆಯ ಮೇಲೆ ಎತ್ತಿದ್ದೆ.

"ಬೇಡ ಲಿಂಗಣ್ಣ! ಬೇಡ!" ಎಂದು ಮಾಧವ ಕಿರುಚಿದ. ಕೈ ಜಜ್ಜಿದಾಗ ಬಾರದ ದನಿ ಈಗ ಬಂತು. ನಾನು ತಿರುಗಿ ನೋಡಿದೆ. ಕೀರ್ತಿಭಾಯ್ ಕಲ್ಲು ಎತ್ತಿದಾಗ ಮಾಧವನ ಮುಖದಲ್ಲಿ ಯಾವ ಹೆದರಿಕೆ ಇತ್ತೋ ಅದೇ ಹೆದರಿಕೆ ಈಗಲೂ ಇತ್ತು. ಅಷ್ಟರಲ್ಲಿ ವಾಚ್‌ಮನ್‌ನ ಲಾಠಿ ನನ್ನ ತಲೆಗೆ ಬಿತ್ತು.

ನಮ್ಮನ್ನು ಗೇಟಿನ ಹೊರಗೆ ಎಳೆದು ಹಾಕಿದರು. ಹಿಂದೆಯೇ ನನ್ನ ಬ್ಯಾಗು ಬಂದು ಬಿತ್ತು. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಮಿಲ್ಲು ಓಡುತ್ತಿತ್ತು, ಅವರಿಗೆ ಅಷ್ಟು ಸಾಕಾಗಿತ್ತು.

ಸ್ಟೇಷನ್ನಿನ ಹತ್ತಿರದ ಡಾಕ್ಟರು ನನ್ನ ತಲೆಗೆ ಏಳು ಹೊಲಿಗೆ ಹಾಕಿದರು. ಮಾಧವನ ಅಂಗೈಯಲ್ಲಿ ಮೂರು ಎಲುಬು, ಎರಡು ಬೆರಳು ಮುರಿದಿದ್ದವು. ಪ್ಲಾಸ್ಟರ್ ಹಾಕಿದರು. ನಡುಬೆರಳು ಇನ್ನು ಮಡಚುವುದು ಕಷ್ಟ ಎಂದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಮಾಧವ ಬಾಗಿಲು ಬಡಿಯಿತು ಎಂದ. ರೈಲಿನಲ್ಲಿ ಅವನು ಕಿಟಕಿಗೆ ತಲೆಯಾನಿಸಿ ಕುಳಿತ. ನಾನು ಎದುರಿನ ಸೀಟಿನಲ್ಲಿ. ರೈಲು ಭರೂಚ್ ದಾಟಿತು.

"ಆ ಕಾವಲು ಇದ್ದಿದ್ರೆ ಎಂತದೂ ಆಗ್ತಿರ್ಲಿಲ್ವಾ?" ಎಂದು ಕೇಳಿದ, ಕಿಟಕಿಯ ಹೊರಗೇ ನೋಡುತ್ತ.

"ಇಲ್ಲೋ ತಮ್ಮಾ. ಏನೂ ಆಗ್ತಿರ್ಲಿಲ್ಲ."

ಅವನು ತಲೆಯಾಡಿಸಿದ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಆಲ್ಕಾಪುರಿ ತಲುಪುವಾಗ ಸಂಜೆ. ಎಲ್ಲೋ ರಾವಣನನ್ನು ಸುಡುವ ಪಟಾಕಿಯ ಸದ್ದು ಕೇಳುತ್ತಿತ್ತು. ಹೋಟೆಲಿನಲ್ಲಿ ಹಬ್ಬದ ಜನ. ಮಗನನ್ನು ನೋಡಿ ರಮಾಮಣಿ ಗಲ್ಲಾ ಬಿಟ್ಟು ಎದ್ದರು. ಅವನನ್ನು ತೋಳಿನಲ್ಲಿ ತಬ್ಬಿ ಒಳಗಿನ ಕೋಣೆಗೆ ಕರೆದೊಯ್ದರು. ನಾನೂ ಹಿಂದೆ ಹೋದೆ.

"ಯಾರು? ಯಾಕೆ?" ಎಂದರು.

"ಪೂಜೆಗೆ ವೈರ್ ತೆಗ್ದದ್ದು ತಪ್ಪಾಯ್ತಮ್ಮ," ಎಂದ ಮಾಧವ.

ರಮಾಮಣಿ ಬಾಯಿಗೆ ಸೆರಗು ಒತ್ತಿಕೊಂಡರು. "ದೇವರೇ, ನಾನೇ ಹೇಳಿದ್ದಲ್ವಾ ಮಾಡು ಅಂತ..."

ಈ ಸಲ ನಾನು ಒಂದು ಕ್ಷಣವೂ ತಡೆಯಲಿಲ್ಲ. "ನಿಮ್ಮಿಂದ ಅಲ್ರೀ ಅಕ್ಕಾರ. ಹೂವಿನಿಂದ ಏನೂ ಆಗಿಲ್ಲ. ನನ್ನಿಂದ ಆಗೇದ." ನಿಂತಲ್ಲೇ ಎಲ್ಲ ಹೇಳಿದೆ. ಆಗಸ್ಟಿನಲ್ಲಿ ಕಾವಲು ತೆಗೆದದ್ದು, ಬಾಸಿಗೆ ಫೋನ್ ಮಾಡಿದ್ದು, ತಕ್ಕಡಿಯ ಮುಂದೆ ಬಾಯಿ ಬಾರದೆ ನಿಂತದ್ದು. ಚೀಟಿ ಅಂಟಿಸುವನಾ ಎಂದು ಕೇಳಿದ್ದಕ್ಕೆ ಅವನ ಬೆರಳಿಗೆ ಇಕ್ಕಳದಿಂದ ಹೊಡೆದದ್ದನ್ನೂ ಹೇಳಿದೆ. ಕೆನ್ನೆಗೆ ಬಾರಿಸಲಿ ಎಂದು ಕಾದೆ. ನಿಜವಾಗಿ ಅದನ್ನೇ ಬೇಡುತ್ತಿದ್ದೆ.

ಅವರು ಬಾರಿಸಲಿಲ್ಲ. ಅಷ್ಟೆಲ್ಲ ಕೇಳಿಯೂ ಒಂದೇ ಒಂದು ಪ್ರಶ್ನೆ ಕೇಳಿದರು. "ನೀವೂ ಹೊಡೆದಿದ್ರಾ ಅವನಿಗೆ?"

"ಹೌದ್ರಿ."

ಮತ್ತೆ ಅವರು ನನ್ನ ಕಡೆ ನೋಡಲಿಲ್ಲ. ನನ್ನ ಬ್ಯಾಗಿನಿಂದ ಡಬ್ಬಿ ತೆಗೆದರು. ಒಂದು ಬದಿ ನೆಗ್ಗಿತ್ತು, ಮುಚ್ಚಳ ಹಾಗೇ ಬಿಗಿಯಾಗಿತ್ತು. ಮಗನ ಪಕ್ಕ ಕುಳಿತು ಹಾಲುಬಾಯಿಯನ್ನು ಚೂರು ಮಾಡಿ ಬಾಯಿಗಿಟ್ಟರು. ಅವನು ಸೀಳಿದ ತುಟಿಯಿಂದ ಮೆಲ್ಲಗೆ ತಿಂದ. ಆಮೇಲೆ ಎಡಗೈಯಿಂದ ನೀರಿನ ಲೋಟ ಎತ್ತಲು ಹೋದ. ಅಭ್ಯಾಸವಿಲ್ಲದ ಕೈ, ಲೋಟ ವಾಲಿತು.

ಹಿಡಿಯೋಣವೆಂದು ನಾನು ಥಟ್ಟನೆ ಕೈ ಚಾಚಿದೆ.

ಮಾಧವ ಕಣ್ಣು ಬಿಗಿಯಾಗಿ ಮುಚ್ಚಿ, ಪ್ಲಾಸ್ಟರ್ ಹಾಕಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಅಮ್ಮನ ಮಗ್ಗುಲಿಗೆ ಮುದುಡಿದ. ನನ್ನ ಕೈ ಗಾಳಿಯಲ್ಲೇ ನಿಂತಿತು. ಲೋಟ ಉರುಳಿ ನೆಲಕ್ಕೆ ಬಿತ್ತು, ನೀರು ನನ್ನ ಕಾಲಿನವರೆಗೂ ಹರಿದು ಬಂತು.